ನಸುಗುನ್ನಿಯ ಪೊಟ್ಟಣ

ಹೈಸ್ಕೂಲಿನಲ್ಲಿ ಏನು ಓದಿದೆ ಅಂತ ಕೇಳಿದರೆ ಒಂದು ಪಾಠವೂ ನೆನಪಿಗೆ ಬರುವುದಿಲ್ಲ. ಲೆಕ್ಕದ ಮೇಷ್ಟ್ರ ಕೆಮ್ಮು ಮಾತ್ರ ಇನ್ನೂ ಕಿವಿಯಲ್ಲಿದೆ. ಜಗಲಿಯ ಆ ತುದಿಯಲ್ಲಿ ಕೆಮ್ಮಿದರೆ ಈ ತುದಿಯ ಕ್ಲಾಸು ಗಪ್‌ಚಿಪ್.

1987ರ ಡಿಸೆಂಬರ್ 21. ಮಾರನೇ ದಿನ ಗಣಿತಜ್ಞ ರಾಮಾನುಜನ್ ಜನ್ಮಶತಾಬ್ದಿ, ಮೇಲಧಿಕಾರಿಗಳ ಎದುರು ಮೇಷ್ಟ್ರದೇ ಭಾಷಣ. ಹಿಂದಿನ ವಾರವಷ್ಟೇ ನನಗೂ ನನ್ನ ಬೆಂಚಿನವನಿಗೂ ಬೆತ್ತದ ರುಚಿ ತೋರಿಸಿದ್ದರು. ಸೇಡಿಗೆ ಅವರ ಕುರ್ಚಿಯ ಮೇಲೆ ನಸುಗುನ್ನಿ ಉದುರಿಸೋಣವೆಂದು ಸಂಜೆ ಕ್ಲಾಸಿಗೆ ನುಗ್ಗಿದೆವು. ಅಷ್ಟರಲ್ಲಿ ಕೆಮ್ಮು! ಕೊನೇ ಬೆಂಚಿನ ಕೆಳಗೆ ಅಡಗಿದೆವು.

ಮೇಷ್ಟ್ರು ಬಾಗಿಲು ಮುಂದೆ ಮಾಡಿ, ಖಾಲಿ ಬೆಂಚುಗಳಿಗೆ ಕೈಮುಗಿದು ಭಾಷಣ ಶುರುಮಾಡಿದರು. ರಾಮಾನುಜನ್ ಬೆಳೆದ ಕುಂಭಕೋಣದವರೆಗೆ ಸರಾಗ. ಗಣಿತವೊಂದನ್ನು ಬಿಟ್ಟು ಬೇರೇನೂ ಓದದೆ ವಿದ್ಯಾರ್ಥಿವೇತನ ಕಳೆದುಕೊಂಡದ್ದು, ಮದ್ರಾಸಿಗೆ ಹೋಗಿಯೂ ಕಾಲೇಜಿನ ಎಫ್.ಎ. ಪರೀಕ್ಷೆಯಲ್ಲಿ ಫೇಲಾದದ್ದು, ಅಲ್ಲಿಗೆ ಬಂದರೆ ಗಂಟಲು ಕಟ್ಟುತ್ತಿತ್ತು. ಮತ್ತೆ ಮೊದಲಿಂದ. ಮೂರು ಸಲ ಹಾಗೇ ಆಯ್ತು. ಕೈಯಲ್ಲಿದ್ದ ಹಾಳೆ ಗಡಗಡ ನಡುಗುತ್ತಿತ್ತು. "ಹೆದರ್ಕೋಬೇಡ ಕಣಯ್ಯ, ಹೆದರ್ಕೋಬೇಡ" ಅಂದರು. ನಮ್ಮನ್ನು ನೋಡಿಯೇಬಿಟ್ಟರೇನೋ ಅಂದುಕೊಂಡೆ. ಇಲ್ಲ, ಅವರು ಹೇಳಿಕೊಂಡದ್ದು ತಮಗೇ.

ಆಮೇಲೆ ಕುರ್ಚಿಯ ತಂಟೆಗೆ ನಾವು ಹೋಗಲಿಲ್ಲ. ಪೊಟ್ಟಣ ನನ್ನ ಚಡ್ಡಿ ಜೇಬಿನಲ್ಲೇ ಬಿಚ್ಚಿಕೊಂಡಿತ್ತು. ಅಮ್ಮ ಬೈಯುತ್ತಲೇ ತೊಡೆಗೆ ಸಗಣಿ ಹಚ್ಚಿ ಉಜ್ಜಿದರೂ ರಾತ್ರಿಯಿಡೀ ಕೆರೆತ. ಮಾರನೇ ದಿನ ಮೇಷ್ಟ್ರ ಭಾಷಣದಲ್ಲಿ ಒಂದು ತಡವರಿಕೆಯಿಲ್ಲ. ಸಾಹೇಬರೇ ಎದ್ದು ಬಂದು ಕೈಕುಲುಕಿದರು.

ಇಂಗ್ಲೆಂಡಿನ ಹೆಸರಾಂತ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಆಯ್ಕೆಯಾದ 1918ರಲ್ಲೇ ರಾಮಾನುಜನ್ ಲಂಡನ್ನಿನಲ್ಲಿ ರೈಲು ಹಳಿಗೆ ಹಾರಿದ್ದರು, ರೈಲು ನಿಂತಿದ್ದರಿಂದ ಜೀವ ಉಳಿಯಿತು ಎಂಬುದನ್ನು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಮೇಷ್ಟ್ರಿಗೆ ಗೊತ್ತಿತ್ತೋ ಏನೋ.

ಈಗ ಸ್ಕೂಲುಗಳ ಗೇಟಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ತೆಗೆದವರ ಫ್ಲೆಕ್ಸ್. ಫೇಲಾದವರ ಕತೆ ಹೇಳುವ ಮೇಷ್ಟ್ರನ್ನು ಇವರು ಇಟ್ಟುಕೊಳ್ಳುತ್ತಾರೆಯೇ? ಫ್ಲೆಕ್ಸಿನಲ್ಲಿ ನಾನೂ ಇದ್ದೆ ಅನ್ನಿ. ಕಂಪನಿಯ ಉಪಾಧ್ಯಕ್ಷನಾದಾಗ ಊರ ಬಸ್‌ಸ್ಟ್ಯಾಂಡಿನಲ್ಲಿ ಕಟ್ಟಿದ್ದರು. ಕೋಟು, ಟೈ, ಬಾಯ್ತುಂಬ ನಗು. ಆ ತಿಂಗಳು ನಾನು ನಿದ್ದೆ ಮಾತ್ರೆ ನುಂಗಿ ಮಲಗುತ್ತಿದ್ದೆ.

ಹೋದ ತಿಂಗಳು ಮೇಷ್ಟ್ರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ "ನಮ್ಮ ಶಾಲೆಯ ಹೆಮ್ಮೆ" ಎಂದು ಮೊದಲು ಕರೆದದ್ದು ನನ್ನನ್ನೇ. ಮೈಕಿನ ಮುಂದೆ ನಿಂತರೆ ಕೈಯಲ್ಲಿದ್ದ ಹಾಳೆ ಗಡಗಡ. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಬೆಂಚಿನವನು, ಈಗ ದೊಡ್ಡ ಪೊಲೀಸ್ ಅಧಿಕಾರಿ, ನನ್ನ ಕಡೆ ನೋಡುತ್ತಲೇ ಮೆಲ್ಲಗೆ ತೊಡೆ ಕೆರೆದುಕೊಂಡ.