ತಪ್ಪು ಮಾಡದವರು ಪೊಲೀಸರಿಗೆ ಯಾಕೆ ಹೆದರಬೇಕು?

ಅಮೆರಿಕದಲ್ಲಿ ಕಪ್ಪು ಜನರಿಗೂ ಪೊಲೀಸರಿಗೂ ನಡುವೆ ಏನಾದರೂ ನಡೆದು ಟಿವಿಯಲ್ಲಿ ಬಂದರೆ ಸಾಕು, ಊರಿನಿಂದ ನನಗೆ ಫೋನ್ ಬರುತ್ತದೆ. ಇಲ್ಲೇ ಇರುವ ಕನ್ನಡದವರೂ ಕೇಳುತ್ತಾರೆ. ಪ್ರಶ್ನೆ ಒಂದೇ. "ತಪ್ಪು ಮಾಡದೇ ಇದ್ದರೆ ಪೊಲೀಸರಿಗೆ ಯಾಕೆ ಹೆದರಬೇಕು? ನಿಲ್ಲು ಅಂದಾಗ ನಿಂತರೆ ಆಯ್ತಲ್ವಾ?" ಕೆಟ್ಟ ಮನಸ್ಸಿನಿಂದ ಯಾರೂ ಕೇಳುವುದಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಿಸೌರಿ ರಾಜ್ಯದಲ್ಲಿ, ಸೇಂಟ್ ಲೂಯಿಸ್ ಪಕ್ಕದಲ್ಲಿ ಫರ್ಗ್ಯುಸನ್ ಅಂತ ಒಂದು ಊರಿದೆ. ಆಗ ಅಲ್ಲಿದ್ದವರು ಸುಮಾರು 21 ಸಾವಿರ ಜನ. 2014ರ ಆಗಸ್ಟ್ 9ರಂದು ಅಲ್ಲಿನ ಬಿಳಿಯ ಪೊಲೀಸ್ ಒಬ್ಬ ಮೈಕಲ್ ಬ್ರೌನ್ ಎಂಬ 18 ವರ್ಷದ ಕಪ್ಪು ಹುಡುಗನನ್ನು ಗುಂಡು ಹೊಡೆದು ಕೊಂದ. ಹುಡುಗನ ಹತ್ತಿರ ಆಯುಧ ಇರಲಿಲ್ಲ. ಊರು ಹೊತ್ತಿ ಉರಿಯಿತು. ತನಿಖೆ ಮಾಡಿದ ಕೇಂದ್ರದ ನ್ಯಾಯ ಇಲಾಖೆ, ಆ ಪೊಲೀಸ್ ಮೇಲೆ ಕೇಸ್ ಹಾಕುವಷ್ಟು ಸಾಕ್ಷಿ ಇಲ್ಲ ಅಂತ 2015ರ ಮಾರ್ಚ್‌ನಲ್ಲಿ ಹೇಳಿತು. ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅದೇ ಇಲಾಖೆ ಅದೇ ದಿನ ಇನ್ನೊಂದು ವರದಿಯನ್ನೂ ಕೊಟ್ಟಿತು. ಅದು ಆ ಊರಿನ ಪೊಲೀಸ್ ಠಾಣೆ ಮತ್ತು ಕೋರ್ಟ್ ದಿನಾ ನಡೆಯುತ್ತಿದ್ದ ರೀತಿಯ ಬಗ್ಗೆ. ಪ್ರಶ್ನೆ ಕೇಳುವವರೆಲ್ಲ ಓದಬೇಕಾದ್ದು ಅದನ್ನೇ.

ಆ ವರದಿಯ ಪ್ರಕಾರ ಆಗ ಊರಿನಲ್ಲಿ ಕಪ್ಪು ಜನ ನೂರಕ್ಕೆ 67. ಪೊಲೀಸರು ನಿಲ್ಲಿಸಿದ ಗಾಡಿಗಳಲ್ಲಿ ನೂರಕ್ಕೆ 85 ಅವರದ್ದು. ಬಂಧನಕ್ಕೆ ಬಂದರೆ ನೂರಕ್ಕೆ 93. ಇದರ ಹಿಂದೆ ದುಡ್ಡಿನ ಲೆಕ್ಕವಿತ್ತು. ಊರಿನ ಖಜಾನೆ ದಂಡದ ಹಣವನ್ನು ನೆಚ್ಚಿಕೊಂಡಿತ್ತು. ಟಿಕೆಟ್ ಜಾಸ್ತಿ ಬರೆಯದಿದ್ದರೆ ಮುಂದಿನ ವರ್ಷ ವಸೂಲಿ ಕಷ್ಟ ಅಂತ ಹಣಕಾಸಿನ ಅಧಿಕಾರಿಯೇ ಪೊಲೀಸ್ ಮುಖ್ಯಸ್ಥನಿಗೆ ಬರೆದಿದ್ದ. ಒಬ್ಬ ಕಪ್ಪು ಹೆಂಗಸು 2007ರಲ್ಲಿ ಒಂದೇ ಒಂದು ಸಲ ಕಾರನ್ನು ತಪ್ಪು ಜಾಗದಲ್ಲಿ ನಿಲ್ಲಿಸಿದ್ದಳು. ದಂಡ 151 ಡಾಲರ್, ಮೇಲೆ ಶುಲ್ಕ. ಇರಲು ಮನೆಯಿಲ್ಲದೆ ಅಲೆಯುತ್ತಿದ್ದ ಅವಳು ಕೆಲವು ವಾಯಿದೆ ತಪ್ಪಿಸಿದಳು. ತಪ್ಪಿಸಿದ್ದಕ್ಕೆಲ್ಲ ಮತ್ತೆ ದಂಡ, ವಾರಂಟ್. ಆರು ದಿನ ಜೈಲಿನಲ್ಲಿದ್ದಳು. ಏಳು ವರ್ಷದಲ್ಲಿ 550 ಡಾಲರ್ ಕಟ್ಟಿದ ಮೇಲೂ 541 ಡಾಲರ್ ಬಾಕಿ ಉಳಿದಿತ್ತು! 2014ರ ಕೊನೆಗೆ ಆ ಸಣ್ಣ ಊರಿನ ಕೋರ್ಟ್ 16 ಸಾವಿರಕ್ಕೂ ಹೆಚ್ಚು ಜನರ ಮೇಲೆ ವಾರಂಟ್ ಇಟ್ಟುಕೊಂಡು ಕೂತಿತ್ತು.

ಇನ್ನು ಅದೇ ವರದಿಯಲ್ಲಿರುವ, ಯಾವ ತಪ್ಪೂ ಮಾಡದವನ ಕಥೆ ಕೇಳಿ. 2012ರ ಬೇಸಿಗೆಯಲ್ಲಿ 32 ವರ್ಷದ ಒಬ್ಬ ಕಪ್ಪು ವ್ಯಕ್ತಿ ಪಾರ್ಕಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ, ಬೆವರು ಆರಲಿ ಅಂತ ನಿಂತ ಕಾರಿನಲ್ಲಿ ಕೂತಿದ್ದ. ಪೊಲೀಸ್ ಬಂದು ಕಾರಿಗೆ ಅಡ್ಡ ನಿಲ್ಲಿಸಿದ. ಪಾರ್ಕಿನಲ್ಲಿ ಮಕ್ಕಳಿದ್ದಾರೆ, ನೀನು ಮಕ್ಕಳನ್ನು ಕೆಡಿಸುವವನು ಅಂದ. ಕೆಳಗಿಳಿಸಿ ಮೈ ತಡಕಿದ. ಕಾರು ತಪಾಸಣೆಗೆ ಒಪ್ಪುವುದಿಲ್ಲ, ಅದು ನನ್ನ ಹಕ್ಕು ಅಂತ ಆತ ಹೇಳಿದ್ದಕ್ಕೆ ಬಂಧಿಸಿ ಎಂಟು ಕೇಸ್ ಹಾಕಿದ. ಅದರಲ್ಲಿ ಒಂದು, ಮೈಕಲ್ ಅನ್ನುವ ಬದಲು ಮೈಕ್ ಅಂತ ಹೆಸರು ಹೇಳಿದ್ದು. ಇನ್ನೊಂದು, ನಿಂತ ಕಾರಿನಲ್ಲಿ ಸೀಟ್ ಬೆಲ್ಟ್ ಹಾಕದೇ ಇದ್ದದ್ದು. ಆ ಕೇಸುಗಳಿಂದ ಆತನ ಕೆಲಸವೂ ಹೋಯಿತು. ಇವನಿಗೆ "ತಪ್ಪು ಮಾಡದಿದ್ದರೆ ಯಾಕೆ ಹೆದರಬೇಕು" ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

"ಆದರೂ ಅವರಲ್ಲೇ ಅಪರಾಧ ಜಾಸ್ತಿ ಅಲ್ವಾ?" ಇದು ಮುಂದಿನ ಪ್ರಶ್ನೆ. ಬಡತನ ಮಡುಗಟ್ಟಿದ ಎಷ್ಟೋ ಕಪ್ಪು ಬಡಾವಣೆಗಳಲ್ಲಿ ಕೊಲೆಗಳು ಜಾಸ್ತಿ, ನಿಜ. ಆದರೆ ಪೊಲೀಸರ ಅನುಮಾನ ಸರಿಯೋ ತಪ್ಪೋ ಅಂತ ನೋಡಲು ಒಂದು ಸುಲಭ ದಾರಿ ಇದೆ: ತಡಕಿದಾಗ ಏನು ಸಿಕ್ಕಿತು? ಫರ್ಗ್ಯುಸನ್‌ನಲ್ಲಿ ಕಪ್ಪು ಚಾಲಕರನ್ನು ಬಿಳಿಯರಿಗಿಂತ ಎರಡು ಪಟ್ಟಿಗೂ ಹೆಚ್ಚು ತಪಾಸಣೆ ಮಾಡಿದ್ದರು. ಆದರೆ ಅಕ್ರಮ ವಸ್ತು ಸಿಕ್ಕಿದ್ದು ಕಪ್ಪು ಚಾಲಕರ ಹತ್ತಿರವೇ ಕಡಿಮೆ, ನೂರಕ್ಕೆ 26ರಷ್ಟು ಕಡಿಮೆ. ನ್ಯೂಯಾರ್ಕ್ ಪೊಲೀಸರು 2011ರಲ್ಲಿ ಬೀದಿಯಲ್ಲಿ ಸುಮಾರು 6.85 ಲಕ್ಷ ಸಲ ಜನರನ್ನು ನಿಲ್ಲಿಸಿದರು. ಹೆಚ್ಚಿನವರು ಕಪ್ಪು ಜನ ಮತ್ತು ಲ್ಯಾಟಿನೋಗಳು (ಲ್ಯಾಟಿನ್ ಅಮೆರಿಕ ಮೂಲದವರು). ನೂರರಲ್ಲಿ ಸುಮಾರು 88 ಸಲ ಬಂಧನವೂ ದಂಡವೂ ಇಲ್ಲದೆ ಸುಮ್ನೆ ಬಿಟ್ಟು ಕಳಿಸಿದರು. 2013ರಲ್ಲಿ ಕೋರ್ಟ್ ಇದು ಸಂವಿಧಾನಕ್ಕೆ ವಿರುದ್ಧ ಅಂದಿತು. 2014ಕ್ಕೆ ಆ ಲೆಕ್ಕ 50 ಸಾವಿರಕ್ಕಿಂತ ಕೆಳಗಿಳಿಯಿತು. ಕೊಲೆಗಳು ಏರಿದವೇ? ಇಲ್ಲ, 2011ರಲ್ಲಿ 515 ಇದ್ದದ್ದು ಸುಮಾರು 330ಕ್ಕೆ ಇಳಿದಿತ್ತು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಸುಮಾರು ಹತ್ತು ಕೋಟಿ ವಾಹನ ತಡೆಗಳ ದಾಖಲೆ ಕೂಡಿಸಿ ನೋಡಿದಾಗ ಕಂಡದ್ದು ಇನ್ನೂ ನೋವಿನ ವಿಷಯ. ಕತ್ತಲಾಗಿ ಚಾಲಕನ ಮುಖ ಕಾಣದಂತಾದ ಮೇಲೆ, ನಿಲ್ಲಿಸಿದವರಲ್ಲಿ ಕಪ್ಪು ಜನರ ಪಾಲು ಕಡಿಮೆಯಾಗುತ್ತದೆ.

ನಿಲ್ಲು ಅಂದಾಗ ನಿಂತರೆ ಆಯ್ತಲ್ವಾ ಅನ್ನುವುದಕ್ಕೆ ಉತ್ತರ ಫಿಲಾಂಡೋ ಕ್ಯಾಸ್ಟಿಲ್. ಮಿನೆಸೋಟದ ಸೇಂಟ್ ಪಾಲ್‌ನಲ್ಲಿ ಶಾಲೆ ಮಕ್ಕಳಿಗೆ ಊಟ ಬಡಿಸುವ ವಿಭಾಗ ನೋಡಿಕೊಳ್ಳುತ್ತಿದ್ದವರು. ಅವರ ಗಾಡಿಯನ್ನು ಪೊಲೀಸರು 40ಕ್ಕೂ ಹೆಚ್ಚು ಸಲ ತಡೆದಿದ್ದರು. 2016ರ ಜುಲೈ 6ರಂದು ಮತ್ತೆ ತಡೆದರು. ಅವರು ನಿಂತರು. ಮರ್ಯಾದೆಯಿಂದ ಮಾತಾಡಿದರು. ತಮ್ಮ ಹತ್ತಿರ ಬಂದೂಕು ಇದೆ ಅಂತ ತಾವಾಗಿಯೇ ಹೇಳಿದರು. ಅದಕ್ಕೆ ಲೈಸೆನ್ಸ್ ಇತ್ತು. ಕೆಲವೇ ಕ್ಷಣಗಳಲ್ಲಿ ಆ ಪೊಲೀಸ್ ಏಳು ಗುಂಡು ಹಾರಿಸಿ ಅವರನ್ನು ಕೊಂದ. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮಗು ಇತ್ತು. ಮರುವರ್ಷ ಆ ಪೊಲೀಸ್ ಕೋರ್ಟಿನಲ್ಲಿ ಖುಲಾಸೆಯಾದ. ಹೀಗಾಗಿಯೇ ಇಲ್ಲಿನ ಕಪ್ಪು ತಂದೆತಾಯಿ, ಮಕ್ಕಳು ದೊಡ್ಡವರಾಗುತ್ತಿದ್ದಂತೆ ಕೂರಿಸಿಕೊಂಡು ಹೇಳಿಕೊಡುತ್ತಾರೆ: ಎರಡೂ ಕೈ ಸ್ಟೀರಿಂಗ್ ಮೇಲೆ ಕಾಣುವ ಹಾಗೆ ಇಡು, ಕೇಳದೆ ಜೇಬಿಗೆ ಕೈ ಹಾಕಬೇಡ, ಎದುರು ಮಾತಾಡಬೇಡ. ಪೊಲೀಸರಿಗೂ ಭಯ ಇದೆ, ಜನಸಂಖ್ಯೆಗಿಂತ ಬಂದೂಕು ಜಾಸ್ತಿ ಇರುವ ದೇಶ ಇದು. ಆದರೆ ಆ ಭಯ ಚರ್ಮದ ಬಣ್ಣ ನೋಡಿ ಹೆಚ್ಚಾದರೆ ಅದರ ಬೆಲೆ ಕಟ್ಟುವವರು ಬೇರೆಯವರು.

ನಮಗೇನು ಅಂದುಕೊಳ್ಳುವವರಿಗೆ ಅಲಬಾಮದ ಮ್ಯಾಡಿಸನ್ ಊರಿನ ಸಂಗತಿ ಹೇಳುತ್ತೇನೆ. 2015ರ ಫೆಬ್ರುವರಿಯಲ್ಲಿ ಮೊಮ್ಮಗನನ್ನು ನೋಡಿಕೊಳ್ಳಲು ಬಂದ ಗುಜರಾತಿನ 57 ವರ್ಷದ ಅಜ್ಜ ಮಗನ ಮನೆ ಹತ್ತಿರ ನಡೆಯುತ್ತಿದ್ದರು. ಸಣಕಲು ಕಪ್ಪು ಮನುಷ್ಯ ಓಡಾಡುತ್ತಿದ್ದಾನೆ ಅಂತ ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಇಂಗ್ಲಿಷ್ ಬಾರದ ಅವರನ್ನು ಪೊಲೀಸ್ ನೆಲಕ್ಕೆ ಕೆಡವಿದ ಹೊಡೆತಕ್ಕೆ ಕೈಕಾಲಿನ ಸ್ವಾಧೀನ ಭಾಗಶಃ ತಪ್ಪಿತು. ಮರುವರ್ಷ ಬೆಂಗಳೂರಿನಲ್ಲಿ, ಸುಡಾನ್‌ನವನೊಬ್ಬ ಮಾಡಿದ ಅಪಘಾತದ ಸಿಟ್ಟಿಗೆ, ಅದಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ನಮ್ಮ ಜನವೇ ಮುಗಿಬಿದ್ದರು.

ಕಪ್ಪು ಜನರಿಗೆ ಪೊಲೀಸರೇ ಬೇಡವಾಗಿದ್ದಾರೆ ಅಂತ ತುಂಬ ಜನ ತಿಳಿದಿದ್ದಾರೆ. ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯನ್ನು ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಒಬ್ಬ ಮೊಣಕಾಲಿನಿಂದ ಅದುಮಿ ಕೊಂದ 2020ರಲ್ಲೇ, ಜನಾಭಿಪ್ರಾಯ ಸಮೀಕ್ಷೆ ಮಾಡುವ ಗ್ಯಾಲಪ್ ಸಂಸ್ಥೆ ಕೇಳಿತ್ತು. ನಮ್ಮ ಬಡಾವಣೆಯಲ್ಲಿ ಪೊಲೀಸರು ಈಗಿನಷ್ಟೇ ಇರಲಿ ಅಥವಾ ಇನ್ನೂ ಜಾಸ್ತಿ ಇರಲಿ ಅಂದ ಕಪ್ಪು ಜನ ನೂರಕ್ಕೆ 81. ಕಪ್ಪು ಜನರ ಕೊಲೆ ಕೇಸುಗಳೇ ಈ ದೇಶದಲ್ಲಿ ಬಗೆಹರಿಯದೆ ಹೆಚ್ಚು ಉಳಿಯುತ್ತವೆ. ನಂಬಿಕೆ ಇಲ್ಲದ ಕಡೆ ಸಾಕ್ಷಿ ಹೇಳಲು ಯಾರೂ ಮುಂದೆ ಬರುವುದಿಲ್ಲ. ಪಾರ್ಕಿನಲ್ಲಿ ಸುಮ್ನೆ ಕೂತವನನ್ನು ಹಿಡಿದು ಎಂಟು ಕೇಸ್ ಹಾಕುವ ಪೊಲೀಸ್, ಮಗನನ್ನು ಕೊಂದವನು ಯಾರು ಅಂತ ಕೇಳುವ ತಾಯಿಗೆ ಉತ್ತರ ಕೊಡುತ್ತಿಲ್ಲ. ಕಪ್ಪು ಜನ ಕೇಳುತ್ತಿರುವುದು ಆ ಉತ್ತರವನ್ನು.