ಗ್ಲೌಸು ತೊಳೆದ ಅಸಿಟೋನು

ಜುಲೈ 18, 2024, ಗುರುವಾರ

ಆರು ವಾರ ಕಾದದ್ದು ದಂಡವಾಗಲಿಲ್ಲ. ಅಸಿಟೋನಿನಲ್ಲಿ (ನೇಲ್ ಪಾಲಿಶ್ ತೆಗೆಯುವ ದ್ರವ) ತೊಳೆದ ರಬ್ಬರ್ ಗ್ಲೌಸಿನ ತುಂಡನ್ನು ಚಿಮಟದಲ್ಲಿ ಎತ್ತಿದರೆ ಲೋಳೆ ಲೋಳೆ. ಮೂಲೆ ಹಿಡಿದದ್ದೇ ತಡ, ಹರಿದು ಬಿತ್ತು. ತೊಳೆಯದ ತುಂಡಿನ ಫ್ಲಾಸ್ಕಿನಲ್ಲಿ ನೀರು ಇನ್ನೂ ತಿಳಿಯಾಗಿದೆ. ಆ ತುಂಡು ಎಳೆದರೆ ಚಟ್ಟೆಂದು ಹಿಂದಕ್ಕೆ ಹೋಗುತ್ತದೆ. ಎರಡಕ್ಕೂ ಬಿಟ್ಟದ್ದು ರಬ್ಬರ್ ತಿನ್ನುವ ಒಂದೇ ಬ್ಯಾಕ್ಟೀರಿಯಾ, ಗಾರ್ಡೋನಿಯಾ ಪಾಲಿಐಸೊಪ್ರೆನಿವೊರಾನ್ಸ್. (ಹೆಸರು ಬಾಯಿಗೆ ಬರಲಿಕ್ಕೇ ನನಗೆ ತಿಂಗಳು ಹಿಡಿದಿತ್ತು. ಟಯರಿನೊಳಗೆ ನಿಂತ ಕೊಳಕು ನೀರಲ್ಲಿ ಸಿಕ್ಕಿದ ಇದಕ್ಕೆ 1999ರಲ್ಲಿ ಹೆಸರಿಟ್ಟವರು ಜರ್ಮನಿಯವರು.)

ತೊಳೆಯದ ತುಂಡನ್ನು ಅದು ಬಿಟ್ಟದ್ದು ರಬ್ಬರ್ ರುಚಿಸುವುದಿಲ್ಲ ಅಂತಲ್ಲ. ಕಾರ್ಖಾನೆಯಲ್ಲಿ ಗಂಧಕ ಹಾಕಿ ಬೇಯಿಸುವಾಗ ಬೇಗ ಬೇಯಲು ವೇಗವರ್ಧಕ, ರಬ್ಬರ್ ಬೇಗ ಹಾಳಾಗದಿರಲು ಆ್ಯಂಟಿ ಆಕ್ಸಿಡೆಂಟ್ ಎಲ್ಲ ಬೆರೆಸುತ್ತಾರಲ್ಲ, ಅದರ ವಿಷ ಇದಕ್ಕೆ ತಟ್ಟುತ್ತದೆ. ಅಸಿಟೋನು ರಬ್ಬರನ್ನು ಕರಗಿಸುವುದಿಲ್ಲ, ಅದರ ಉದ್ದ ಅಣು ಸರಪಳಿಗಳನ್ನು ಬೆಸೆದ ಗಂಧಕದ ಕೊಂಡಿಗಳನ್ನೂ ಬಿಚ್ಚುವುದಿಲ್ಲ. ಬೆರೆಸಿದ ಆ ಸಣ್ಣ ಅಣುಗಳನ್ನಷ್ಟೇ ಎಳೆದುಕೊಂಡು ಬರುತ್ತದೆ. ಮೇ ತಿಂಗಳಲ್ಲಿ ನಾನು ಅವಸರಪಟ್ಟು, ತೊಳೆದ ತುಂಡನ್ನು ಒಣಗಿಸದೆ ಹಾಕಿಬಿಟ್ಟಿದ್ದೆ. ಉಳಿದಿದ್ದ ಅಸಿಟೋನೇ ಬ್ಯಾಕ್ಟೀರಿಯಾವನ್ನು ಕೊಂದಿತ್ತು. ಈ ಸಲ ಎರಡು ದಿನ ಆವಿ ಹೊರಗೆಳೆಯುವ ಫ್ಯೂಮ್ ಹುಡ್‌ನಲ್ಲಿಟ್ಟು ವಾಸನೆ ಪೂರ್ತಿ ಹೋದ ಮೇಲೇ ಮುಟ್ಟಿದ್ದು.

ತೊಳೆದ ತುಂಡಿಗೆ ಆಲ್ಡಿಹೈಡ್ ಪತ್ತೆ ಹಚ್ಚುವ ಶಿಫ್ ದ್ರಾವಣ ಹಾಕಿದೆ. ಬ್ಯಾಕ್ಟೀರಿಯಾ ರಬ್ಬರಿನ ಸರಪಳಿ ಕಡಿದಲ್ಲೆಲ್ಲ ಆಲ್ಡಿಹೈಡ್ ತುದಿ ಉಳಿದಿದ್ದರೆ ನೇರಳೆಯಾಗಬೇಕು. ಬಣ್ಣ ಏರುವವರೆಗೆ ಸುಮ್ಮನೆ ಕೂರಲಾಗದೆ ಸುಳ್ಯದ ಮನೆಗೆ ಫೋನ್ ಮಾಡಿದೆ.

"ನಮ್ಮ ರಬ್ಬರ್ ಶೀಟಿಗೆ ಬೂಷ್ಟು ಬರ್ಲಿಕ್ಕೆ ಅಸಿಟೋನೂ ಬೇಡ ಎಂತದೂ ಬೇಡ ಮಾರಾಯ್ತಿ, ಮಳೆ ಒಂದು ಸಾಕು" ಅಂದರು ಅಪ್ಪ. ಈ ವಾರ ಶೀಟು ಒಣಗಿಸಲು ಹೊಗೆ ಹಾಕೋಣವೆಂದರೆ ಒಣ ಸೌದೆಯೇ ಇಲ್ಲವಂತೆ.

"ಆ ಬೂಷ್ಟು ತಿನ್ನುವುದು ಹೆಚ್ಚಾಗಿ ರಬ್ಬರ್ ಹಾಲಿನಿಂದ ಶೀಟಿನಲ್ಲಿ ಉಳಿದ ಪ್ರೋಟೀನು, ಸಕ್ಕರೆ ಅಪ್ಪಾ. ರಬ್ಬರಲ್ಲ."

"ಹಾಗಾದ್ರೆ ಅದಕ್ಕೂ ರಬ್ಬರ್ ಬೇಡ. ರೇಟು ಎಲ್ಲಿಂದ ಬರುದು!"

ತಿರುಗಿ ನೋಡಿದರೆ ಕಡು ನೇರಳೆ. ಹರಿದ ಅಂಚಿನಲ್ಲಂತೂ ಜಂಬುನೇರಳೆ ತಿಂದ ನಾಲಿಗೆಯ ಬಣ್ಣ. ಗೈಡ್ ನೋಡಿ "ಟಯರ್ ಪುಡಿಗೂ ಮಾಡಿ ನೋಡಮ್ಮ" ಅಂದರು. ಮಾಡಬಹುದು. ಆದರೆ ಎರಡು ಗ್ರಾಂ ಗ್ಲೌಸಿಗೆ ಕಾಲು ಲೀಟರ್ ಅಸಿಟೋನು ಹಿಡಿದಿದೆ. ಬಟ್ಟಿ ಇಳಿಸಿ ಮತ್ತೆ ಬಳಸಿದರೂ, ತಳದಲ್ಲಿ ಉಳಿಯುವ ಹಳದಿ ಅಂಟು ಗ್ಲೌಸಿನಿಂದ ಬಂದ ವಿಷವೇ ತಾನೇ. ಟಯರಿನ ರಾಶಿಗೆ ಈ ಲೆಕ್ಕ ಹಾಕಲು ಮನಸ್ಸು ಬರಲಿಲ್ಲ.

ಅಂಟಿನ ಬಾಟಲಿಗೆ ಚೀಟಿ ಅಂಟಿಸಿ, ತಾರೀಕು ಬರೆದು, ಮೇ ತಿಂಗಳ ಬಾಟಲಿಯ ಪಕ್ಕ ಇಟ್ಟು ಬಂದೆ.