ಮರವನ್ನು ಓದಲು ಕಲಿಸಿದ ಮೇಷ್ಟ್ರು

ಕಳೆದ ಆಷಾಢದಲ್ಲಿ ನಮ್ಮ ಸಸ್ಯಶಾಸ್ತ್ರದ ಮೇಷ್ಟ್ರು ತೀರಿಕೊಂಡರೆಂದು ತಿಳಿದಾಗ, ಅವರು ತರಗತಿಯಲ್ಲಿ ಹೇಳಿದ ಒಂದು ಪಾಠವೂ ನನಗೆ ನೆನಪಾಗಲಿಲ್ಲ. ನೆನಪಾದದ್ದು ಕೊಯಮತ್ತೂರಿನ ಗ್ಯಾಸ್ ಅರಣ್ಯ ವಸ್ತುಸಂಗ್ರಹಾಲಯಕ್ಕೆ ಅವರೊಂದಿಗೆ ಹೋದ ಪ್ರವಾಸ. ಮೈಸೂರಿನಿಂದ ಚಾಮರಾಜನಗರದ ಮೇಲೆ ಹೊರಟು, ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯುವಷ್ಟು ಹೊತ್ತೂ ಅವರು ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತು, ಬೆಟ್ಟ ಇಳಿದಂತೆಲ್ಲ ಕಾಡು ಹೇಗೆ ಬದಲಾಗುತ್ತದೆಂದು ತೋರಿಸುತ್ತಿದ್ದರು.

ಅರಣ್ಯ ಸಂರಕ್ಷಣಾಧಿಕಾರಿಯಾಗಿದ್ದ ಗ್ಯಾಸ್ ಎಂಬವರ ಶ್ರಮದಿಂದ ಕೂಡಿಬಂದ ಆ ಸಂಗ್ರಹಾಲಯವನ್ನು 1902ರಲ್ಲಿ ಮದ್ರಾಸಿನ ಗವರ್ನರ್ ಲಾರ್ಡ್ ಆಂಪ್ಟ್‌ಹಿಲ್ ಉದ್ಘಾಟಿಸಿದರು. ಅದೇ ಊರಿನಲ್ಲಿ 1912ರಲ್ಲಿ ಮದ್ರಾಸ್ ಅರಣ್ಯ ಕಾಲೇಜು ಆರಂಭವಾದ ಮೇಲೆ, ಕಾಡಿನ ಕೆಲಸ ಕಲಿಯಲು ಬಂದವರಿಗೆ ಅದು ಪಾಠಶಾಲೆಯೂ ಆಯಿತು. ನನ್ನ ಗೆಳೆಯರೆಲ್ಲ ಒಳಗೆ ಕಾಲಿಟ್ಟೊಡನೆ ಚರ್ಮ ತುಂಬಿ ನಿಲ್ಲಿಸಿದ ಕಾಟಿಯ ಸುತ್ತ ಸೇರಿದರು. ಮೇಷ್ಟ್ರು ಮಾತ್ರ ನಮ್ಮನ್ನು ಮರದ ಮಾದರಿಗಳ ಕಡೆಗೆ ಕರೆದೊಯ್ದರು. "ಕಾಟೀನ ಬಂಡೀಪುರದಲ್ಲೇ ನೋಡಬಹುದು ಕಣ್ರಯ್ಯಾ, ಇಷ್ಟು ಮರಗಳ ಹೊಟ್ಟೆ ಒಂದೇ ಕಡೆ ಬೇರೆಲ್ಲಿ ನೋಡ್ತೀರಿ?" ಎಂದರು. ಬೀಜ, ಅಂಟು, ನಾರು, ಮರ ಕೊರೆಯುವ ಕೀಟಗಳನ್ನೂ ಅಲ್ಲಿ ನೋಡಿದೆವಾದರೂ, ಅವರ ಮನಸ್ಸು ನೆಟ್ಟದ್ದು ಮರದ ಅಡ್ಡಕೊಯ್ತದಲ್ಲಿಯೇ.

ಆ ಪ್ರವಾಸದ ಪ್ರಭಾವದಿಂದ ನಮ್ಮ ಪ್ರಯೋಗಾಲಯದಲ್ಲೂ ಮರದ ಮಾದರಿಗಳ ಒಂದು ಬೀರು ಸಿದ್ಧವಾಯಿತು. ಪ್ರಾಯೋಗಿಕ ಪರೀಕ್ಷೆಯ ಹಿಂದಿನ ಸಂಜೆ ನಾವು ನಾಲ್ವರು ಅದರಲ್ಲಿದ್ದ ತುಂಡುಗಳ ಹೆಸರಿನ ಚೀಟಿಗಳನ್ನೆಲ್ಲ ಅದಲುಬದಲು ಮಾಡಿದೆವು. ಮರುದಿನ ಮೇಷ್ಟ್ರು ಯಾರನ್ನೂ ಗದರಲಿಲ್ಲ. ತುಂಡುಗಳ ತುದಿಯನ್ನು ಬ್ಲೇಡಿನಿಂದ ಹೆರೆದು, ನೀರು ಸವರಿ, ಮಸೂರದಲ್ಲಿ ನೋಡಿ ಒಂದೊಂದನ್ನೇ ಹೆಸರಿಸುತ್ತ ಹೋದರು. ವರ್ಷವರ್ಷದ ಬೆಳವಣಿಗೆಯ ಆರಂಭದಲ್ಲಿ ದೊಡ್ಡ ರಂಧ್ರಗಳು ಸಾಲಾಗಿ ಉಂಗುರ ಕಟ್ಟಿದ್ದರಿಂದ ಅದು ತೇಗವೆಂದರು. ಕಪ್ಪು ಗೆರೆಗಳಿಂದಲೂ ತೂಕದಿಂದಲೂ ಬೀಟೆಯನ್ನು ಗುರುತಿಸಿದರು. ಹೊನ್ನೆಯ ಚಕ್ಕೆಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಿಟಕಿಯ ಬೆಳಕಿಗೆ ಹಿಡಿದಾಗ, ನೀರಿನಲ್ಲಿ ನವಿಲಿನ ಕೊರಳಿನಂಥ ನೀಲಿ ಹೊಳಪು ಮೂಡಿತು. ಪರೀಕ್ಷೆಯನ್ನು ಮರೆತು ಇಡೀ ತರಗತಿ ಆ ಲೋಟದ ಸುತ್ತ ನಿಂತಿತು. ಅನಂತರ ಚೀಟಿಗಳನ್ನೆಲ್ಲ ನಮ್ಮ ಕೈಯಿಂದಲೇ ಮತ್ತೆ ಬರೆಸಿದರು.

ಮೈಸೂರಿನವರಾದ ಅವರಿಗೆ ಶ್ರೀಗಂಧದ ಮೇಲೆ ವಿಶೇಷ ಅಭಿಮಾನ. ಗಂಧದ ಸಸಿ ಪಕ್ಕದ ಗಿಡಗಳ ಬೇರಿಗೆ ತನ್ನ ಬೇರನ್ನು ಬೆಸೆದು ಆಹಾರ ಹೀರುತ್ತದೆಂಬುದನ್ನೂ, ಎಣ್ಣೆಯೂ ಪರಿಮಳವೂ ಇರುವುದು ಮರದ ಒಳತಿರುಳಾದ ಚೇಗಿನಲ್ಲಿ ಮಾತ್ರ, ಹೊರಗಿನ ಬಿಳಿಮರದಲ್ಲಿಲ್ಲವೆಂಬುದನ್ನೂ ತುಂಡನ್ನು ಮೂಸಿಸಿಯೇ ತಿಳಿಸಿದರು. ಮೊದಲ ಮಹಾಯುದ್ಧದಿಂದ ಯುರೋಪಿಗೆ ಗಂಧದ ಕೊರಡು ಸಾಗಿಸುವುದು ನಿಂತಾಗ, ನಮ್ಮ ಸಂಸ್ಥಾನವು ತಾನೇ ಎಣ್ಣೆ ತೆಗೆಯಲು ಮುಂದಾದ ಕಥೆಯನ್ನು ಹೇಳುವಾಗ ಅವರ ದನಿ ಏರುತ್ತಿತ್ತು.

ಮುಂದೆ ನಾನು ಅರಣ್ಯ ಇಲಾಖೆ ಸೇರಿದೆ. ನಾಟಾ ಡಿಪೋಗಳಲ್ಲಿ ಬೇರೆ ಮರಕ್ಕೆ ಬಣ್ಣ ಬಳಿದು ಬೀಟೆಯೆಂದು ಸಾಗಿಸುವವರನ್ನು ಹಿಡಿಯಬೇಕಾದಾಗ ಹಿರಿಯ ಅಧಿಕಾರಿಗಳು ನನಗೇ ಹೇಳಿಕಳುಹಿಸುತ್ತಿದ್ದರು. ಬ್ಲೇಡು ಮತ್ತು ಮಸೂರ ಸದಾ ನನ್ನ ಜೇಬಿನಲ್ಲಿರುತ್ತಿದ್ದವು. ಆ ಕಣ್ಣು ಮೇಷ್ಟ್ರು ಕೊಟ್ಟದ್ದು.

ಈಚಿನ ಹಳೆಯ ವಿದ್ಯಾರ್ಥಿಗಳ ಸಮಾವೇಶಕ್ಕೆ ಬಂದಾಗ, ಆ ಬೀರು ಉಗ್ರಾಣದಲ್ಲಿ ಮುರಿದ ಬೆಂಚುಗಳ ಹಿಂದೆ ಸೇರಿರುವುದನ್ನು ಕಂಡು ನೊಂದುಕೊಂಡೆ. ಪರದೆಯ ಮೇಲೆ ಇಂದಿನ ಮಕ್ಕಳು ನಮಗಿಂತ ಹೆಚ್ಚು ಮರಗಳನ್ನು ನೋಡುತ್ತಾರೆ, ನಿಜ. ಆದರೆ ತೂಕ, ವಾಸನೆ, ಹೆರೆದಾಗ ಬ್ಲೇಡಿಗೆ ಸಿಗುವ ಬಿಗಿ ಪರದೆಯಲ್ಲಿ ಸಿಗುವುದಿಲ್ಲ. ಪ್ರಾಂಶುಪಾಲರು ಒಪ್ಪಿದರೆ ಆ ಬೀರುವನ್ನು ದುರಸ್ತಿ ಮಾಡಿಸಿ, ನನ್ನ ಸೇವಾವಧಿಯಲ್ಲಿ ಕೂಡಿಸಿದ ಮಾದರಿಗಳನ್ನೂ ಅದಕ್ಕೆ ಸೇರಿಸಿ, ಶನಿವಾರಗಳಂದು ಮಕ್ಕಳೊಂದಿಗೆ ಕುಳಿತು ಮಸೂರ ಹಿಡಿಯುವುದನ್ನು ಕಲಿಸಲು ನಾನು ಸಿದ್ಧನಿದ್ದೇನೆ.